ಬ್ರೇಕ್ ಒತ್ತಿದರೆ ಆರಿಹೋಗುವ ದೀಪಕ್ಕೆ ‘ಸರಿಪಡಿಸಲಾಗಿದೆ’ ಎಂಬ ಬಿಲ್

ಗೆ,
ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ನನ್ನ ಹಳೆಯ ಪಿಕಪ್‌ನ ಎಡಗಡೆ ಬ್ರೇಕ್ ಲೈಟ್ ರಿಪೇರಿ ಮಾಡದೆಯೇ ಬಿಲ್ ಮಾಡಿ, ದೂರನ್ನು ಮುಚ್ಚಿಹಾಕಿರುವ ಬಗ್ಗೆ

ಮಾನ್ಯರೇ,

ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಪ್ರತಿ ಸಲವೂ ಹೊಸಬರೊಬ್ಬರು ಎತ್ತುತ್ತಾರೆ, ಗಾಡಿ ನಂಬರ್ ಕೇಳುತ್ತಾರೆ, ಎಲ್ಲವನ್ನೂ ಮೊದಲಿಂದ ಹೇಳಿಸುತ್ತಾರೆ, ಸಂಬಂಧಪಟ್ಟವರು ವಾಪಸ್ ಮಾಡುತ್ತಾರೆ ಎಂದು ಇಡುತ್ತಾರೆ. ಆ ಸಂಬಂಧಪಟ್ಟವರು ಇವತ್ತಿನವರೆಗೂ ಮಾಡಿಲ್ಲ. ಕೊನೆಯ ಸಲ ಎತ್ತಿದವರು, ‘ನಿಮ್ಮ ಕಂಪ್ಲೇಂಟ್ ಕ್ಲೋಸ್ ಆಗಿದೆ ಸರ್, ನೀವೇ ಸಹಿ ಹಾಕಿದ್ದೀರಲ್ಲ’ ಎಂದರು. ಆ ಸಹಿ ಹೇಗೆ ಬಿತ್ತೆಂಬುದನ್ನು ನೀವು ತಿಳಿಯಲೇಬೇಕು.

ಮೊದಲು ತೊಂದರೆ ಏನೆಂದು ಹೇಳುತ್ತೇನೆ. ಹಗಲು ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಎಡಗಡೆ ದೀಪ ಮಂಕಾಗಿ ಹತ್ತುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಹೋಗುವಾಗ ಆ ಬದಿಯ ಟೇಲ್ ಲ್ಯಾಂಪ್ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಆದರೆ ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಪೂರ್ತಿ ಆರಿಹೋಗುತ್ತದೆ! ದೀಪ ಜೋರಾಗಿ ಬೆಳಗಬೇಕಾದ ಗಳಿಗೆಯಲ್ಲೇ ಅಲ್ಲಿ ಕತ್ತಲು. ನನ್ನದು ಹಳೆಯ ಮಾಡೆಲ್, ಮಧ್ಯದಲ್ಲಿ ಮೂರನೇ ಬ್ರೇಕ್ ಲೈಟ್ ಇಲ್ಲ. ಹಿಂದೆ ಬರುತ್ತಿರುವವನಿಗೆ ಬಲಗಡೆ ಒಂದೇ ದೀಪ ಕಂಡರೆ, ಮುಂದಿರುವುದು ಬೈಕೋ ಭಾರ ಹೊತ್ತ ಪಿಕಪ್ಪೋ ಹೇಗೆ ತಿಳಿಯಬೇಕು? ಎಡಗಡೆ ಜಾಗವಿದೆ ಎಂದುಕೊಂಡು ನುಗ್ಗಿದರೆ ಜೀವ ಹೋಗುವುದು ಅವನದು.

ಇದಕ್ಕೆ ನಿಮ್ಮವರು ಮಾಡಿದ ಕೆಲಸ: ಬಲ್ಬ್ ಬದಲು, ಫ್ಯೂಸ್ ಬದಲು, ಪೆಡಲ್ ಹತ್ತಿರದ ಬ್ರೇಕ್ ಲೈಟ್ ಸ್ವಿಚ್ ಬದಲು. ಎರಡೂ ಬದಿಯ ಬ್ರೇಕ್ ಲೈಟ್‌ಗೆ ಕರೆಂಟ್ ಹೋಗುವುದು ಅದೇ ಒಂದು ಫ್ಯೂಸ್, ಅದೇ ಒಂದು ಸ್ವಿಚ್‌ನಿಂದ. ಬಲಗಡೆ ದೀಪ ಫಳಫಳ ಹೊಳೆಯುತ್ತಿರುವಾಗ ಅವೆರಡೂ ಕೆಟ್ಟಿರುವುದು ಹೇಗೆ ಸಾಧ್ಯ? ನನ್ನನ್ನು ಒಂದು ಮಾತು ಕೇಳದೆ ಬದಲಾಯಿಸಿ, ಬಿಲ್‌ನಲ್ಲಿ ಸೇರಿಸಿದರು. ಹಳೆಯ ಸ್ವಿಚ್ ತೋರಿಸಿ ಎಂದರೆ ಸ್ಕ್ರಾಪ್‌ಗೆ ಹೋಯಿತು ಎಂದರು.

ಗಾಡಿ ಬಿಡಿಸಿಕೊಳ್ಳಲು ಹೋದ ದಿನ ನಡೆದದ್ದು ನನಗೆ ಮಾತುಮಾತೂ ನೆನಪಿದೆ. ಸರ್ವೀಸ್ ಅಡ್ವೈಸರ್ ಗಾಡಿಯ ಹಿಂದೆ ನಿಂತರು, ನನ್ನನ್ನು ಒಳಗೆ ಕೂರಿಸಿದರು. ಬಿಸಿಲಿತ್ತು. ‘ಒತ್ತಿ’ ಎಂದರು, ಒತ್ತಿದೆ. ‘ಬಿಡಿ’ ಎಂದರು, ಬಿಟ್ಟೆ. ‘ಹತ್ತುತ್ತಾ ಇದೆಯಲ್ಲ ಸರ್, ಇನ್ನೇನು?’ ಹೆಡ್‌ಲೈಟ್ ಹಾಕಿದಾಗ ತಾನೇ ತೊಂದರೆ, ಈಗ ಹಾಕುತ್ತೇನೆ, ನೋಡಿ ಎಂದೆ. ‘ಹೆಡ್‌ಲೈಟ್ ಕಂಪ್ಲೇಂಟ್ ಬೇರೆ ಸರ್, ಅದಕ್ಕೆ ಬೇರೆ ಜಾಬ್ ಕಾರ್ಡ್ ಆಗಬೇಕು’ ಎಂದರು. ಹೆಡ್‌ಲೈಟ್‌ನಲ್ಲಿ ಏನೂ ತೊಂದರೆಯಿಲ್ಲ, ಅದು ಉರಿಯುವಾಗ ಬ್ರೇಕ್ ಲೈಟ್ ಆರುತ್ತದೆ, ಗಾಡಿ ರಿಪೇರಿಗೆ ಬಿಡುವಾಗಲೇ ಹೀಗೆಂದು ಬರೆಸಿದ್ದೇನೆ ಎಂದೆ. ದೂರು ಬರೆದುಕೊಂಡಿದ್ದ ಜಾಬ್ ಕಾರ್ಡ್ ತಿರುಗಿಸಿ ತೋರಿಸಿದರು. ನಾನು ಅಷ್ಟು ಬಿಡಿಸಿ ಹೇಳಿದ್ದು ಅಲ್ಲಿ ‘ಬ್ರೇಕ್ ಲೈಟ್ ಚೆಕ್’ ಎಂದಷ್ಟೇ ಆಗಿತ್ತು. ನಾನು ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ‘ಈಗ ನೋಡಿ, ಈಗ ನೋಡಿ’ ಎಂದು ಕೂಗುತ್ತಿದ್ದೆ. ಅವರು ಆಗಲೇ ಬೆನ್ನು ತಿರುಗಿಸಿ ಕೌಂಟರ್ ಕಡೆ ನಡೆದಿದ್ದರು.

ಹಿಂದೆಯೇ ಹೋದೆ. ಬೇರೆ ಗ್ರಾಹಕರೆಲ್ಲ ಕುಳಿತಿದ್ದರು. ಎಲ್ಲರಿಗೂ ಕೇಳುವ ಹಾಗೆ, ‘ಹಳೇ ಗಾಡಿ ಇಟ್ಕೊಂಡು ಹೊಸದರ ಥರ ಇರಬೇಕು ಅಂದ್ರೆ ಆಗುತ್ತಾ ಸರ್? ಮಾರಿಬಿಡಿ’ ಎಂದರು. ಯಾರೋ ನಕ್ಕರು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಎಂದೆ. ಆತ ಬಂದು, ‘ಹೋಲ್ಡರ್‌ನಲ್ಲಿ 12 ವೋಲ್ಟ್ ಬರ್ತಾ ಇದೆ, ಮೀಟರ್ ಸುಳ್ಳು ಹೇಳುತ್ತಾ?’ ಎಂದ. ಅರ್ತ್, ಅಂದರೆ ಬಲ್ಬ್‌ನಿಂದ ಕರೆಂಟ್ ಗಾಡಿಯ ಬಾಡಿಗೆ ವಾಪಸ್ ಹೋಗುವ ದಾರಿ, ನೋಡಿದಿರಾ ಎಂದು ಕೇಳಿದೆ. ಅದಕ್ಕೆ ಅಡ್ವೈಸರ್, ‘ಸರ್ ಏನು ಎಲೆಕ್ಟ್ರಿಕಲ್ ಇಂಜಿನಿಯರ್ರಾ?’ ಎಂದರು. ಮತ್ತೆ ನಗು. ಅಷ್ಟು ಹೊತ್ತೂ ನನ್ನ ಗಾಡಿಯ ಕೀ ಅವರ ಬೆರಳಿನಲ್ಲಿ ತಿರುಗುತ್ತಿತ್ತು. ‘ಕೆಲಸ ತೃಪ್ತಿಕರವಾಗಿದೆ’ ಎಂಬ ಹಾಳೆಗೆ ಸಹಿ ಬೀಳುವವರೆಗೆ ಆ ಕೀ ನನ್ನ ಕೈಗೆ ಬರಲಿಲ್ಲ. ನೀವು ಈಗ ಸಾಕ್ಷಿ ಎಂದು ಹಿಡಿದುಕೊಂಡಿರುವ ಸಹಿ ಅದು.

ಮೀಟರ್ ಸುಳ್ಳು ಹೇಳಿಲ್ಲ, ಕೇಳಿದ ಪ್ರಶ್ನೆಯೇ ತಪ್ಪು. ಬಲ್ಬ್ ತೆಗೆದು, ಮೀಟರ್‌ನ ಕಪ್ಪು ವೈರನ್ನು ಬೇರೆಲ್ಲೋ ಒಳ್ಳೆಯ ಬೋಲ್ಟ್‌ಗೆ ಹಿಡಿದರೆ 12 ವೋಲ್ಟ್ ಬಂದೇ ಬರುತ್ತದೆ. ಕರೆಂಟ್ ಬಲ್ಬ್‌ವರೆಗೆ ಬರುತ್ತದೆ ಎಂದಷ್ಟೇ ಅದರಿಂದ ಗೊತ್ತಾಗುವುದು. ವಾಪಸ್ ಹೋಗಲು ದಾರಿ ಇದೆಯೇ ಎಂದು ಗೊತ್ತಾಗುವುದಿಲ್ಲ. ಅಲ್ಲಿರುವುದು 21/5 ವ್ಯಾಟ್‌ನ ಡಬಲ್ ಫಿಲಮೆಂಟ್ ಬಲ್ಬ್, ಅಂದರೆ ಒಂದೇ ಬಲ್ಬಿನೊಳಗೆ ಉರಿಯುವ ಎರಡು ತಂತಿ. 21 ಬ್ರೇಕಿಗೆ, 5 ಟೇಲ್ ಲ್ಯಾಂಪಿಗೆ, ಎರಡಕ್ಕೂ ಅರ್ತ್ ಒಂದೇ. ಆ ಅರ್ತ್ ಕಡಿದುಹೋದರೆ ಬ್ರೇಕಿನ ಕರೆಂಟ್ ಪಕ್ಕದ 5 ವ್ಯಾಟ್ ಫಿಲಮೆಂಟ್ ಮೂಲಕ ನುಸುಳಿ, ಟೇಲ್ ಲ್ಯಾಂಪಿನ ವೈರಿಗೇ ಸೇರಿರುವ ಬೇರೆ ಪಾರ್ಕಿಂಗ್ ದೀಪಗಳ ಕಡೆಯಿಂದ ದಾರಿ ಹುಡುಕಿಕೊಳ್ಳುತ್ತದೆ. ಹಗಲಿನಲ್ಲಿ ನಿಮ್ಮವರು ಕಂಡ ಮಂಕು ಬೆಳಕು ಅದೇ. ಹೆಡ್‌ಲೈಟ್ ಹಾಕಿದಾಗ ಟೇಲ್ ಲ್ಯಾಂಪಿನ ವೈರಿನಲ್ಲೂ 12 ವೋಲ್ಟ್ ಇರುತ್ತದೆ. ಬ್ರೇಕ್ ಒತ್ತಿದರೆ ಬಲ್ಬಿಗೆ ಬರುವ ಎರಡೂ ವೈರಿನಲ್ಲಿ ಸಮ ವೋಲ್ಟ್, ಕರೆಂಟ್ ಹರಿಯಲು ದಾರಿಯೇ ಇಲ್ಲ, ಎರಡೂ ಫಿಲಮೆಂಟ್ ಆರುತ್ತವೆ. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನಿಗೂ ಕಲಿಸುವ ಪಾಠವಿದು.

ಮನೆಗೆ ಬಂದು ಒಂದು ವೈರ್ ತುಂಡಿನ ಒಂದು ತುದಿಯನ್ನು ಆ ಹೋಲ್ಡರ್‌ನ ಲೋಹಕ್ಕೆ, ಇನ್ನೊಂದನ್ನು ಚಾಸಿಯ (ಗಾಡಿಯ ಲೋಹದ ಚೌಕಟ್ಟಿನ) ಕೆರೆದ ಜಾಗಕ್ಕೆ ಹಿಡಿದೆ. ಬ್ರೇಕ್ ಲೈಟ್ ಬಲಗಡೆಯದರಷ್ಟೇ ಜೋರಾಗಿ ಹತ್ತಿತು. ವೈರ್ ತೆಗೆದರೆ ಆರಿತು. ಎರಡನ್ನೂ ವಿಡಿಯೋ ಮಾಡಿಟ್ಟಿದ್ದೇನೆ. ಹೋಲ್ಡರ್‌ನ ಅರ್ತ್ ವೈರ್ ಸೇರುವ ಬೋಲ್ಟ್ ತುಕ್ಕು ಹಿಡಿದು ಪುಡಿ ಉದುರುತ್ತಿದೆ, ಅದರ ಫೋಟೋ ಇದೆ. ಅದನ್ನು ಬಿಚ್ಚಿ, ಉಜ್ಜಿ, ಬಿಗಿಮಾಡಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನೀವು ಮೂರು ಭಾಗ ಮಾರಿದಿರಿ.

ನಿಮ್ಮ ನಿಯಮ ನಿಮಗೆ ಗೊತ್ತೇ ಇದೆ. ಅವು ನಿಮ್ಮ ಕೌಂಟರ್ ಹಿಂದಿನ ಗೋಡೆಯ ಮೇಲೇ ಇವೆ: ಗ್ರಾಹಕರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ಹೆಚ್ಚಿನ ಕೆಲಸಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು, ತೆಗೆದ ಭಾಗ ತೋರಿಸಬೇಕು, ಗಾಡಿ ಒಪ್ಪಿಸುವ ಮುನ್ನ ದೂರನ್ನು ಪರೀಕ್ಷಿಸಬೇಕು. ಇದರಲ್ಲಿ ಯಾವುದನ್ನು ಪಾಲಿಸಿದಿರಿ? ರಾತ್ರಿ ಆರುವ ದೀಪವನ್ನು ಬಿಸಿಲಿನಲ್ಲಿ ನೋಡಿ ‘ಸರಿಪಡಿಸಲಾಗಿದೆ’ ಎಂದು ಬರೆಯಲು ಯಾವ ನಿಯಮ ಹೇಳುತ್ತದೆ?

ಸ್ವಿಚ್, ಫ್ಯೂಸ್, ಬಲ್ಬ್ ಮತ್ತು ಕೂಲಿಯ ಹಣ ಪೂರ್ತಿ ವಾಪಸ್ ಬರಬೇಕು. ನನ್ನ ಸಹಿಯಿರುವ ಹಾಳೆಯನ್ನು ರದ್ದುಮಾಡಿ ಲಿಖಿತವಾಗಿ ತಿಳಿಸಬೇಕು. ಆ ಅಡ್ವೈಸರ್ ಅದೇ ಕೌಂಟರ್ ಎದುರು, ಜನರ ಮುಂದೆಯೇ ಕ್ಷಮೆ ಕೇಳಬೇಕು. ಫೋನ್‌ನಲ್ಲಿ ಕೇಳಿದರೆ ನಾನು ಒಪ್ಪುವುದಿಲ್ಲ.

ಈ ಪತ್ರ ತಲುಪಿ ಒಂದು ವಾರದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಜಾಬ್ ಕಾರ್ಡ್, ವಿಡಿಯೋ ಎಲ್ಲವೂ ಸಿದ್ಧವಾಗಿವೆ. ಸುರಕ್ಷತೆಯಿಲ್ಲದ ಗಾಡಿಯನ್ನು ಸರಿಯಾಗಿದೆಯೆಂದು ರಸ್ತೆಗೆ ಬಿಟ್ಟಿದ್ದೀರೆಂದು ಸಾರಿಗೆ ಇಲಾಖೆಗೂ ಇದೇ ದಾಖಲೆ ಕಳಿಸುತ್ತೇನೆ. ಅಂದು ಅಲ್ಲಿ ಕುಳಿತಿದ್ದವರಲ್ಲಿ ಇಬ್ಬರು ತಮ್ಮ ನಂಬರ್ ಕೊಟ್ಟಿದ್ದಾರೆ, ಸಾಕ್ಷಿ ಹೇಳಲು ತಯಾರಿದ್ದಾರೆ. ಆಮೇಲೆ ರಾಜಿಗೆ ಬಂದರೆ ನಾನು ಕೂರುವುದಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ‘ತೃಪ್ತ’ ಎಂದು ನಮೂದಾಗಿರುವ ಗ್ರಾಹಕ