ಪಕ್ಕದ ಕಾಲಂ ಓದು

ಪ್ರೀತಿಯ ತಮ್ಮಾ,

ಹಸ್ತಪ್ರತಿ ಓದಿದೆ. ಅಧ್ಯಾಯ ಎಷ್ಟು ಉದ್ದ ಇರಬೇಕು, ಪ್ರಕಾಶಕರನ್ನು ಹೇಗೆ ಹಿಡಿಯೋದು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡ್ತಾರೆ, ಬಿಡು. ನನಗೆ ಸಿಟ್ಟು ಬಂದದ್ದು ಪ್ರವಾಹದ ಅಧ್ಯಾಯ ಓದಿ.

ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗಕ್ಕೆ ಹೋಗಿದ್ದೆ ಅಂತ ಬರೆದಿದ್ದೀಯ. ಸಂತೋಷ. ಆದರೆ ಕಂಪ್ಯೂಟರಿನಲ್ಲಿ ‘ಪ್ರವಾಹ’ ಅಂತ ಹೊಡೆದು, ಬಂದಷ್ಟು ಸುದ್ದಿ ಬರೆದುಕೊಂಡು ಎದ್ದು ಬಂದಿದ್ದೀಯ, ಅಲ್ವಾ? ಗೊತ್ತಾಗುತ್ತದಪ್ಪ. ಅಧಿಕಾರಿಗಳು ಬಂದರು, ಪರಿಹಾರ ಘೋಷಿಸಿದರು, ಹೋದರು. ಯಾರ ಮನೆಯೊಳಗೂ ನೀರೇ ನುಗ್ಗಿಲ್ಲ!

ಸ್ಕ್ಯಾನ್ ಮಾಡಿದ ಹಳೇ ಪತ್ರಿಕೆಯ ಪುಟದ ಅಕ್ಷರ ಗುರುತಿಸುವುದು ಯಂತ್ರ. ಶಾಯಿ ಮಸುಕಾಗಿದ್ದರೆ, ಅಚ್ಚಿನ ಮೊಳೆ ಸವೆದಿದ್ದರೆ, ಅದು ಏನೇನೋ ಓದುತ್ತದೆ. ನೀನು ಹುಡುಕಿದ ಸುದ್ದಿ ಅಲ್ಲೇ ಇದ್ದರೂ ಸಿಗುವುದಿಲ್ಲ. ಹಾಗಾಗಿ ಪತ್ರಿಕೆಯ ಪುಟಗಳನ್ನು ಪುಟ್ಟದಾಗಿ ಫೋಟೋ ತೆಗೆದಿಟ್ಟ ಫಿಲ್ಮ್ ಸುರುಳಿಯನ್ನು ದೊಡ್ಡದು ಮಾಡಿ ತೋರಿಸುವ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತು ಆ ತಿಂಗಳ ಪತ್ರಿಕೆ ಪೂರ್ತಿ ತಿರುಗಿಸು. ಹುಡುಕಿಕೊಂಡು ಹೋದ ಸುದ್ದಿಗಿಂತ ಅದರ ಪಕ್ಕದ ಕಾಲಂ ಓದು. ನೆನೆದ ಬಟ್ಟೆ ಕಡಿಮೆ ಬೆಲೆಗೆ ಅನ್ನೋ ಜಾಹೀರಾತು, ಪರೀಕ್ಷೆ ಮುಂದೂಡಿದ ಪ್ರಕಟಣೆ, ಹರಾಜಿನ ನೋಟಿಸು: ನೀರು ಸಿಗುವುದು ಅಂಥ ಕಡೆ.

ಪತ್ರಿಕೆಯ ಮೂಲ ಪ್ರತಿ ಮುಟ್ಟಲು ಬಿಡಲಿಲ್ಲ ಅಂತ ಗೊಣಗಿದ್ದೀಯ. 1850ರ ನಂತರ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿರುವ ಆಮ್ಲ ಕಾಗದವನ್ನು ಒಳಗಿಂದಲೇ ತಿನ್ನುತ್ತದೆ. ಮಡಿಸಿದ ಕಡೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕಿಂತ ಹಳೆಯ, ಚಿಂದಿ ಬಟ್ಟೆಯಿಂದ ಮಾಡಿದ ಕಾಗದ ಎಷ್ಟೋ ಗಟ್ಟಿ. ಅಲ್ಲಿನವರ ಹತ್ತಿರ ಜಗಳ ಆಡಬೇಡ. ಪೆನ್ನು ಜೇಬಲ್ಲೇ ಇರಲಿ, ಪೆನ್ಸಿಲ್ ಹಿಡಿದು ಹೋಗು.

ಆಮೇಲೆ ಬೀದಿವಾರು ಡೈರೆಕ್ಟರಿ, ಅಂದರೆ ಯಾವ ಬೀದಿಯ ಯಾವ ಮನೆಯಲ್ಲಿ ಯಾರಿದ್ದರು ಅಂತ ಪಟ್ಟಿ ಮಾಡಿದ ಪುಸ್ತಕ, ಇದ್ದರೆ ಕೇಳು. ಪ್ರವಾಹದ ಹಿಂದಿನ ವರ್ಷದ್ದು, ಮುಂದಿನ ವರ್ಷದ್ದು ಎರಡನ್ನೂ ಅಕ್ಕಪಕ್ಕ ಇಡು. ಅದೇ ಮನೆ ನಂಬರು, ಬೇರೆ ಹೆಸರು. ಹಿಂದಿನವರು ಎಲ್ಲಿ ಹೋದರು? ನಿನ್ನ ಅಧ್ಯಾಯ ಅಲ್ಲಿಂದ ಶುರುವಾಗಲಿ. ಅಲ್ಲೂ ಒಂದು ಮೋಸ ಇದೆ. ಇಂಥ ಡೈರೆಕ್ಟರಿಗಳಲ್ಲಿ ಸಾಮಾನ್ಯವಾಗಿ ಮನೆ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಗಸರು, ಕೆಲಸದವರು, ಬಾಡಿಗೆಗೆ ಒಂದು ಕೋಣೆ ಹಿಡಿದವರು ಕಾಣುವುದೇ ಕಡಿಮೆ. ಅವರ ದನಿ ಊರಿನವರ ನೆನಪು ದಾಖಲಿಸಿದ ಧ್ವನಿಮುದ್ರಿಕೆಗಳಲ್ಲಿ ಸಿಕ್ಕರೂ ಸಿಗಬಹುದು. ಅದನ್ನೂ ಕೇಳಿ ನೋಡು.

ಇನ್ನೊಂದು ಹಳೇ ಹೊಟ್ಟೆಯುರಿ. ನನ್ನ ವಾರಿಗೆಯ ಒಬ್ಬ ಲೇಖಕರು ಇಂಥದ್ದೇ ಗ್ರಂಥಾಲಯದ ಕೋಣೆಯಲ್ಲಿ ಕೂತು ದೊಡ್ಡ ಪುಸ್ತಕ ಬರೆದರು. ಸನ್ಮಾನವೋ ಸನ್ಮಾನ. ಅದಕ್ಕೆ ಬೇಕಾದ ಪತ್ರಿಕೆ ತುಣುಕು, ಚುನಾವಣೆ ಕರಪತ್ರ, ನಾಟಕದ ಹ್ಯಾಂಡ್‌ಬಿಲ್ ಎಲ್ಲ ಕತ್ತರಿಸಿ, ತಾರೀಖು ಬರೆದು, ಫೈಲು ಮಾಡಿಟ್ಟವರು ಗ್ರಂಥಪಾಲಕಿ. ಮುನ್ನುಡಿಯಲ್ಲಿ ಅವರ ಹೆಸರೇ ಇಲ್ಲ. ಆ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ, ತೆಗೆಯಲು ಮನಸ್ಸು ಬರೋದಿಲ್ಲ.

ನಿನ್ನ ಅಜ್ಜಿಯ ಪಾತ್ರ ಸೊಗಸಾಗಿ ಬಂದಿದೆ. ಸುಮ್ನೆ ಅದನ್ನು ತಿದ್ದೋಕೆ ಹೋಗಬೇಡ. ಪ್ರವಾಹದ ಅಧ್ಯಾಯ ಮಾತ್ರ ಹರಿದು ಹಾಕಿ ಹೊಸದಾಗಿ ಬರೆದು ಕಳಿಸು. ಮಳೆಗಾಲ ಮುಗಿಯುವವರೆಗೂ ನಾನು ಮನೆಯಲ್ಲೇ ಇರುತ್ತೇನೆ.

ನಿನ್ನ ಅಣ್ಣ