ಮಯಾಮಿಯ ಕ್ಯೂಬನ್ನರ ಕಥೆ ಅಷ್ಟು ಸಲೀಸಲ್ಲ

ಮಾನ್ಯರೇ,

ಕ್ಯೂಬಾ ಬಿಟ್ಟವರೆಲ್ಲ ಅಮೆರಿಕದ ಮಯಾಮಿಗೆ ಬಂದು ಸಲೀಸಾಗಿ ಶ್ರೀಮಂತರಾದರು ಎಂಬಂತಿತ್ತು ನಿಮ್ಮ ಲೇಖನ. ನಾನಿರುವುದು ಇದೇ ಊರಲ್ಲಿ. ಪಕ್ಕದ ಮನೆಯ ಅಜ್ಜಿ 1962ರಲ್ಲಿ, ಕ್ಯೂಬಾದ ಮಕ್ಕಳನ್ನು ಅಮೆರಿಕಕ್ಕೆ ಕರೆತಂದ ಪೆಡ್ರೊ ಪ್ಯಾನ್ ಯೋಜನೆಯಡಿ, ಅಪ್ಪ-ಅಮ್ಮ ಜೊತೆಗಿಲ್ಲದೆ, ವಿಮಾನ ಹತ್ತಿದವರು. ಹಾಗೆ ಬಂದ ಮಕ್ಕಳು 14,000ಕ್ಕೂ ಜಾಸ್ತಿ. ಹವಾನಾದಲ್ಲಿ ವಕೀಲರಾಗಿದ್ದ ಅವರಪ್ಪ ಆಮೇಲೆ ಬಂದು ಇಲ್ಲಿ ಹೋಟೆಲಿನ ತಟ್ಟೆ ತೊಳೆದರು. ನಿರಾಶ್ರಿತರ ಕೇಂದ್ರದಲ್ಲಿ ಸಾಲು ನಿಂತು ತಂದ ಹಾಲಿನ ಪುಡಿಯ ವಾಸನೆ ಅಜ್ಜಿಗೆ ಇವತ್ತಿಗೂ ಆಗಿಬರುವುದಿಲ್ಲ.

ಕ್ಯೂಬನ್ನರಿಗೆಂದೇ ಅಮೆರಿಕ ಮಾಡಿದ 1966ರ ಕಾನೂನು ಇವರಿಗೆ ಗ್ರೀನ್ ಕಾರ್ಡಿನ ದಾರಿ ಮಾಡಿಕೊಟ್ಟಿತು, ನಿಜ. ಪಕ್ಕದ ದೇಶ ಹೈಟಿಯಿಂದ ಬಂದವರಿಗೆ ಆ ಅದೃಷ್ಟ ಇರಲಿಲ್ಲ, ಅದನ್ನೂ ಬರೆಯಬೇಕಿತ್ತು ಅಲ್ವಾ? 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ದೋಣಿಯಲ್ಲಿ ಬಂದ ಸುಮಾರು 1,25,000 ಜನರನ್ನು ಮೊದಲೇ ನೆಲೆಸಿದ್ದ ಎಷ್ಟೋ ಕ್ಯೂಬನ್ನರೇ ಅನುಮಾನದಿಂದ ನೋಡಿದರು. ಆ ಬಗ್ಗೆ ಒಂದು ಸಾಲೂ ಇಲ್ಲ.

– ಓದುಗ, ಮಯಾಮಿ