ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕೇ?

ಸಂಪಾದಕರಿಗೆ,

ಅಂಗವೈಕಲ್ಯವಿರುವ ಮಕ್ಕಳು ಉಳಿದ ಮಕ್ಕಳ ಜೊತೆಗೇ ಕಲಿಯುವ ಸಮನ್ವಯ ಶಿಕ್ಷಣದ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಸಾಮಾನ್ಯ ಶಾಲೆಗಳಲ್ಲಿ ಇಂಥ ಮಕ್ಕಳ ದಾಖಲಾತಿ ಹೆಚ್ಚುತ್ತಿದೆ ಎಂಬ ಸಮಾಧಾನದಲ್ಲಿ ಅದು ಮುಗಿಯುತ್ತದೆ. ಬಹಳ ವರ್ಷ ಗಣಿತ ಪಾಠ ಮಾಡಿದ ನನ್ನ ತಕರಾರು ಶುರುವಾಗುವುದೇ ಅಲ್ಲಿಂದ. ಮಗು ಶಾಲೆಗೆ ಬಂತು, ಸರಿ. ಪಾಠ ಮಗುವಿನವರೆಗೆ ಹೋಯಿತೇ?

ಕರಿಹಲಗೆಯ ಮುಂದೆ ನಿಂತು ನಾವಾಡುವ ಮಾತನ್ನು ಯಾರಾದರೂ ಕಣ್ಣು ಮುಚ್ಚಿ ಕೇಳಿಸಿಕೊಳ್ಳಲಿ. “ಇದನ್ನು ಆ ಕಡೆ ತಗೊಳ್ಳಿ, ಇಲ್ಲಿರೋದು ಮೈನಸ್ ಆಯ್ತು, ಈಗ ಇದರಿಂದ ಇದನ್ನು ಭಾಗಿಸಿ.” ಕಣ್ಣು ಕಾಣದ ವಿದ್ಯಾರ್ಥಿ ಇದರಲ್ಲಿ ಲೆಕ್ಕವನ್ನು ಎಲ್ಲಿ ಹುಡುಕಬೇಕು? “ಎರಡೂ ಬದಿಯಿಂದ 5 ಕಳೆಯೋಣ, 3 ಎಕ್ಸ್ ಸಮ 12 ಉಳಿಯಿತು” ಎಂದು ಬಿಡಿಸಿ ಹೇಳುವುದಕ್ಕೆ ಕಾಸು ಖರ್ಚಿಲ್ಲ, ಮೇಲಿನವರ ಆದೇಶವೂ ಬೇಕಿಲ್ಲ. ಹಲಗೆಗೆ ಮುಖ ಮಾಡಿಕೊಂಡೇ ವಿವರಿಸುವುದು ನಮ್ಮ ಇನ್ನೊಂದು ಚಾಳಿ. ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಆಗ ಕಾಣುವುದು ಮೇಷ್ಟರ ಬೆನ್ನು. ಬರೆದು, ತಿರುಗಿ, ಪೂರ್ತಿ ವಾಕ್ಯದಲ್ಲಿ ಹೇಳಿದರೆ ಇಬ್ಬರಿಗೂ ಆಯಿತು. ಹಿಂದಿನ ಬೆಂಚಿನಲ್ಲಿ ಅರೆನಿದ್ದೆಯಲ್ಲಿರುವವನಿಗೂ ಅಷ್ಟಿಷ್ಟು ಕಿವಿಗೆ ಬಿದ್ದೀತು!

ಇದನ್ನೆಲ್ಲ ಹೇಳಿದರೆ “ಸಹಾಯಕರನ್ನು ಕೊಟ್ಟಿದ್ದೇವಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಹಾಯಕರು ಬೇಕೇ ಬೇಕಾದ ಮಕ್ಕಳಿದ್ದಾರೆ, ನಿಜ. ಆದರೆ ದಿನವಿಡೀ ಮಗುವಿನ ಮಗ್ಗುಲಲ್ಲಿ ದೊಡ್ಡವರೊಬ್ಬರು ಕೂತಿದ್ದರೆ ಏನಾಗುತ್ತದೆ ನೋಡಿ. ಶಿಕ್ಷಕರು ಮಗುವನ್ನು ಬಿಟ್ಟು ಅವರನ್ನೇ ಕೇಳುತ್ತಾರೆ: “ಅವನಿಗೆ ಅರ್ಥ ಆಯ್ತಾ?” ಓರಗೆಯ ಮಕ್ಕಳು ಹತ್ತಿರ ಸುಳಿಯುವುದಿಲ್ಲ, ಪೆನ್ಸಿಲ್ ಕದಿಯುವುದಿಲ್ಲ, ಜಗಳಕ್ಕೂ ಬರುವುದಿಲ್ಲ. ತರಗತಿಯ ಒಳಗೇ ಒಂದು ಬೇರೆ ತರಗತಿ ಹುಟ್ಟಿಕೊಳ್ಳುತ್ತದೆ. ತಪ್ಪು ಸಹಾಯಕರದ್ದೆನ್ನಲಾರೆ, ಪಾಠದ ಹೊಣೆಯನ್ನು ಅವರ ಹೆಗಲಿಗೆ ದಾಟಿಸಿ ಕೈತೊಳೆದುಕೊಂಡವರು ನಾವು, ಶಿಕ್ಷಕರು.

ಇದು ನನ್ನೊಬ್ಬಳ ಗೊಣಗಾಟ ಎಂದುಕೊಳ್ಳಬೇಡಿ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಸಮನ್ವಯ ಶಿಕ್ಷಣವನ್ನು ಹಕ್ಕಾಗಿಸಿದೆ. ಆ ವಿಧಿಯನ್ನು ವಿವರಿಸಿ ವಿಶ್ವಸಂಸ್ಥೆಯ ಸಮಿತಿ 2016ರಲ್ಲಿ ಹೊರಡಿಸಿದ ಟಿಪ್ಪಣಿ, ಪಠ್ಯಕ್ರಮ, ಬೋಧನೆಯ ರೀತಿ, ಶಾಲೆಯ ವ್ಯವಸ್ಥೆ ಯಾವುದೂ ಬದಲಾಗದೆ ಮಗುವನ್ನು ತಂದು ಕೂರಿಸಿದರೆ ಅದನ್ನು ಸಮನ್ವಯ ಎನ್ನಲಾಗದು ಎಂದು ನೇರವಾಗಿಯೇ ಹೇಳುತ್ತದೆ. ಜಗತ್ತಿನಲ್ಲಿ ಅಂಗವೈಕಲ್ಯವಿರುವ ಮಕ್ಕಳು ಸುಮಾರು 24 ಕೋಟಿ ಎಂದು ಯುನಿಸೆಫ್ 2021ರಲ್ಲಿ ಅಂದಾಜಿಸಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಿ ಮುಗಿಸುವ ಸಂಖ್ಯೆಯೇ ಇದು?

ಪುಸ್ತಕದ ಪಾಡೂ ಅಷ್ಟೆ. ಅಂಧರಿಗೆ ಮತ್ತು ಮುದ್ರಿತ ಅಕ್ಷರ ಓದಲಾಗದ ಇತರರಿಗೆ ಬ್ರೈಲ್, ಆಡಿಯೊ ಪ್ರತಿಗಳನ್ನು ಮಾಡಿಕೊಡಲು ಕೃತಿಸ್ವಾಮ್ಯ ಅಡ್ಡ ಬರಬಾರದೆಂದು 2013ರಲ್ಲಿ ಮರ್ರಾಕೆಶ್ ಒಪ್ಪಂದವೇ ಆಗಿದೆ. ಆದರೂ ಜ್ಯಾಮಿತಿಯ ಚಿತ್ರಗಳನ್ನು ಬೆರಳಿಗೆ ಸಿಗುವಂತೆ ಉಬ್ಬಿಸಿದ ಪುಸ್ತಕ ಶಾಲೆ ಆರಂಭವಾದ ದಿನವೇ ಕೈಸೇರದಿದ್ದರೆ ಆ ಮಗು ಮೊದಲ ಪಾಠದಲ್ಲೇ ಹಿಂದೆ ಬೀಳುತ್ತದೆ. ಇಳಿಜಾರು ಹಾದಿಯೂ ಹಾಗೆಯೇ. 1:12ರ ಅಳತೆಯಲ್ಲಿ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದವಿಟ್ಟರೆ, 45 ಸೆಂ.ಮೀ. ಎತ್ತರ ಏರಲು 5.4 ಮೀಟರ್ ಉದ್ದ ಬೇಕು. ಮೆಟ್ಟಿಲ ಮೇಲೆ ಒಂದಿಷ್ಟು ಸಿಮೆಂಟು ಸುರಿದರೆ ಫೋಟೊಗೆ ಚೆನ್ನ, ಗಾಲಿಕುರ್ಚಿ ಹತ್ತುವುದಿಲ್ಲ.

ಕಿವುಡ ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಎಚ್ಚರ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ, ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ಕೈಸನ್ನೆಯ ಸಂಜ್ಞಾಭಾಷೆಯನ್ನು ಪಾಠದಿಂದ ಹೊರಗಿಡಲು ನಿರ್ಣಯಿಸಿತು. ಅದನ್ನು ಮುಂದಿನ ಸಮ್ಮೇಳನಗಳಲ್ಲೊಂದು ತಳ್ಳಿಹಾಕಿ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಸಂಜ್ಞೆ ಬಲ್ಲ ಶಿಕ್ಷಕರಿಲ್ಲದ, ಜೊತೆಗೆ ಇನ್ನೊಂದು ಕಿವುಡ ಮಗುವೂ ಇಲ್ಲದ ತರಗತಿಯಲ್ಲಿ ಒಂಟಿಯಾಗಿ ಕೂರಿಸಿ ಅದನ್ನೇ ಸಮನ್ವಯ ಎಂದರೆ ನಾನಂತೂ ಒಪ್ಪಲಾರೆ. ಅಂಥ ಕಡೆ ಸಂಜ್ಞಾಭಾಷೆಯ ಶಾಲೆಯೇ ಮೇಲು.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಸಲ ಶಾಲೆಗೆ ಹೋದಾಗ ಎಷ್ಟು ಮಕ್ಕಳು ಸೇರಿದರು ಎಂಬುದರ ಜೊತೆಗೆ ಎಷ್ಟು ಮಕ್ಕಳು ಓದು ಮುಗಿಸಿದರು, ನಡುವೆ ಬಿಟ್ಟವರು ಏಕೆ ಬಿಟ್ಟರು, ಪುಸ್ತಕ ಯಾವ ತಿಂಗಳಲ್ಲಿ ಬಂತು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಿದವರಿಗೆ ಸಿಕ್ಕಿತೇ ಎಂದು ವಿಚಾರಿಸಲಿ. ಉತ್ತರವನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಪಡೆದು ಎದ್ದುಬಿಡದೆ, ಆ ಮಕ್ಕಳನ್ನೂ ಕೇಳಿ ಬರೆಯಲಿ.

— ಒಬ್ಬ ನಿವೃತ್ತ ಗಣಿತ ಶಿಕ್ಷಕಿ